ನೀರು ಕಾಯುವಷ್ಟು ಹೊತ್ತು

ಬಿಳಿ ಬೂಟು ಮೇಲೇಳುತ್ತದೆ, ಕೆಳಗಿಳಿಯುತ್ತದೆ, ಎಡಗಾಲಿನದರ ದಾರ ಬಿಚ್ಚಿಕೊಂಡು ಟಪ್ ಟಪ್ ಎಂದು ಹಿಮ್ಮಡಿಗೆ ಬಡಿಯುತ್ತಿದೆ, ಬಿಚ್ಚಿರುವುದು ಅವನಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ನಿಂತು ಕಟ್ಟಿಕೊಳ್ಳುವ ಧೈರ್ಯವಿಲ್ಲವೋ, ನಿಂತರೆ ಹಿಂದೆ ಬರುತ್ತಿರುವವನು ಮುಂದೆ ಹೋಗಿಬಿಡುತ್ತಾನೆ, ಹಿಂದೆ ಬರುತ್ತಿರುವವನು ಅಂದರೆ ತಾನೇ — ಎಂದುಕೊಂಡ ಮುನಿಗಂಗಪ್ಪನಿಗೆ ಅಷ್ಟು ಏದುಸಿರಿನಲ್ಲೂ ಒಳಗೊಳಗೇ ನಗು ಬಂತು. ಬರಿಗಾಲು, ಖಾಕಿ ಚಡ್ಡಿ, ಬನಿಯನ್ನಿಗೆ ಪಿನ್ನು ಚುಚ್ಚಿದ ನಂಬರಿನ ಬಟ್ಟೆ, ಮಾಗಿಯ ಚಳಿಗೆ ಕಿವಿ ಇದೆಯೋ ಇಲ್ಲವೋ ತಿಳಿಯದ ಹಾಗೆ ಮರಗಟ್ಟಿದೆ, ರಸ್ತೆಯ ಎರಡೂ ಕಡೆ ಹುಣಸೆಮರಗಳು ಮಂಜಿನಿಂದ ಒಂದೊಂದಾಗಿ ಹೊರಗೆ ಬಂದು ಹಿಂದಕ್ಕೆ ಹೋಗುತ್ತಿವೆ, ಗಣರಾಜ್ಯೋತ್ಸವದ ಹದಿಮೂರು ಮೈಲಿ ಓಟ, ಅಮಲ್ದಾರರು ಬಾವುಟ ಬೀಸಿದಾಗ ಚಿಕ್ಕಬಳ್ಳಾಪುರದ ರೈಲು ನಿಲ್ದಾಣದ ಮುಂದೆ ಒಂದು ಮದುವೆಗಾಗುವಷ್ಟು ಜನ ಓಡಲು ನಿಂತಿದ್ದರು, ಊರು ಸುತ್ತಿ ಶಿಡ್ಲಘಟ್ಟದ ರಸ್ತೆಗೆ ಬೀಳುವಷ್ಟರಲ್ಲಿ ಕೆಲವರು ಕಾಫಿ ಹೋಟೆಲುಗಳಲ್ಲಿ ಉಳಿದರು, ಕೆಲವರು ಮೈಲಿಕಲ್ಲುಗಳ ಮೇಲೆ ಕೂತರು, ಈಗ ಮುಂದೆ ಇರುವುದು ಈ ಬಿಳಿ ಬೂಟಿನ ಪೊಲೀಸು ಚೆನ್ನರಾಯಪ್ಪ, ಅವನ ಬೆನ್ನಿಗೆ ಅಂಟಿಕೊಂಡು ತಾನು, ಹಿಂದೆ ಯಾರಿದ್ದಾರೋ ಯಾರಿಲ್ಲವೋ, ತಿರುಗಿ ನೋಡಬಾರದು, ತಿರುಗಿ ನೋಡಿದರೆ ಕುತ್ತಿಗೆ ತಿರುಗುತ್ತದೆ, ಕುತ್ತಿಗೆಯ ಜೊತೆ ಮನಸ್ಸೂ ತಿರುಗಿ ಮನೆಗೆ ಹೋಗುತ್ತದೆ. ಹೋಗೇಬಿಟ್ಟಿತಲ್ಲ, ತಿರುಗದೆಯೂ ಹೋಯಿತು, ರೇಷ್ಮೆಹುಳುಮನೆಗೆ, ಬಿದಿರು ತಟ್ಟೆಗೆ, ಬೆಳಗಿನ ಸೊಪ್ಪು ಹಾಕಲು ಲಾಂದ್ರ ಹಿಡಿದು ಬಗ್ಗಿದರೆ ಸಾವಿರ ಹುಳು ತಲೆ ತಗ್ಗಿಸಿ ಮೇಯುತ್ತಿದ್ದಾಗ ಒಂದೇ ಒಂದು ಹುಳು ತಲೆ ಎತ್ತಿತ್ತು. ಮೈಯೆಲ್ಲ ಜೇನಿನ ಬಣ್ಣ, ಬೆಳಕು ಆ ಕಡೆಯಿಂದ ಈ ಕಡೆಗೆ ಕಾಣುವಷ್ಟು ತಿಳಿ, ಬಾಯಿಂದ ಕಣ್ಣಿಗೆ ಕಂಡೂ ಕಾಣದ ಒಂದು ಎಳೆ, ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಗಾಳಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿತ್ತು. ಹಣ್ಣಾಗಿತ್ತು, ಗೂಡು ಕಟ್ಟುವ ಹೊತ್ತು ಬಂದಿತ್ತು. ಇವತ್ತೇ, ಇವತ್ತೇ ಹಣ್ಣಾಗಬೇಕಿತ್ತೇ ಈ ಹಾಳು ಹುಳು.

ಹುಳುವನ್ನು ಬೈದು ಏನು ಬಂತು, ಲೆಕ್ಕ ತಪ್ಪಿದವನು ತಾನು, ಸಂಕ್ರಾಂತಿ ಕಳೆದು ಹತ್ತು ದಿನಕ್ಕೆಲ್ಲ ಗೂಡು ಬಿಡಿಸಿ, ಗೂಡು ಕೊಳ್ಳುವ ಖಲೀಮುಲ್ಲಾನ ಅಂಗಳಕ್ಕೆ ಸುರಿದುಬಿಡಬಹುದು, ಆಮೇಲೆ ಆರಾಮಾಗಿ ಓಡಬಹುದು ಎಂದು ಮೊಟ್ಟೆ ತಂದವನು, ಬೇಸಿಗೆಯ ಬೆಳೆಯ ಲೆಕ್ಕವನ್ನು ಚಳಿಗಾಲಕ್ಕೆ ಹಾಕಿ ಕೂತ ಮಹಾ ಬುದ್ಧಿವಂತ. ಧನುರ್ಮಾಸದ ಹುಳು ಸೋಮಾರಿ ಕಣೋ, ಮಲಗಿದ್ರೆ ಏಳಲ್ಲ, ನಿನ್ನ ಓಟಕ್ಕೆ ಅಂತ ಅದು ಬೇಗ ಬೇಗ ಬೆಳೆಯುತ್ತಾ ಎಂದು ಅವ್ವ ಚಿಕ್ಕವೆಂಕಟಮ್ಮ ಆವತ್ತೇ ಅಂದಿದ್ದಳು, ಅವಳು ಹೇಳಿದ್ದು ಸುಳ್ಳಾದ ದಿನವೇ ಇಲ್ಲ, ಅದಕ್ಕೇ ಕೋಪ ಬರುವುದು. ಬೆಳಿಗ್ಗೆ ಲಾಂದ್ರ ಇಳಿಸಿ ನಾನು ಹೋಗಲ್ಲ ಎಂದ, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು, ಬಿದಿರಿನ ಆ ಸುತ್ತುಗಳೊಳಗೆ ಕೂತರೆ ಮಾತ್ರ ಅವು ಗೂಡು ಕಟ್ಟುತ್ತವೆ, ಬಿಡದಿದ್ದರೆ ತಟ್ಟೆಯ ಮೇಲೆಲ್ಲ ಅಲೆದು ನೂಲನ್ನು ಮಣ್ಣುಪಾಲು ಮಾಡುತ್ತವೆ, ಎರಡು ಜನ ಹೆಂಗಸರು ಎಷ್ಟು ಅಂತ ಆರಿಸುತ್ತೀರಿ. ಹೆಂಡತಿ ಆದಿಲಕ್ಷ್ಮಮ್ಮ ಅತ್ತೆಯ ಮುಖ ನೋಡಿದಳು, ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾತು ಮಾತೇ ಕಣೋ, ಈ ಸಲ ಗೆದ್ರೆ ಕಾಲು ಬೀಳೋವರೆಗೂ ಓಡು ನಾನು ತುಟಿ ಬಿಚ್ಚಲ್ಲ, ಸೋತ್ರೆ ಓಟಕ್ಕೆ ಎಳ್ಳುನೀರು ಬಿಡು ಅಂದಿದ್ದೆ, ಹೋಗದೆ ಕೂತ್ರೂ ಸೋತ ಹಾಗೇನೇ, ಆಮೇಲೆ ಹುಳದ ಮೇಲೆ ಹಾಕ್ಬೇಡ. ಬಂದ, ಬರದೆ ಏನು ಮಾಡುವುದು, ಸೋತರೆ ನಾಳೆಯಿಂದ ಓಟವಿಲ್ಲ, ಓಟವಿಲ್ಲದ ಮುನಿಗಂಗಪ್ಪ ಎಂದರೆ ಯಾರು ಎಂದು ಅವನಿಗೇ ಗೊತ್ತಿಲ್ಲ, ಸೊಪ್ಪು ಕೊಯ್ಯುವವನು, ಸೊಪ್ಪು ಹೊರುವವನು, ಸೊಪ್ಪು ಹಾಕುವವನು, ಅಷ್ಟೇ. ಮೊದಲ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬರುವಾಗಲೂ ಆ ತಲೆ ಗಾಳಿಯಲ್ಲಿ ಆಡುತ್ತಲೇ ಇತ್ತು.

ಟಪ್ ಟಪ್. ಹೋದ ವರ್ಷ ಈ ಬೂಟನ್ನು ನೋಡಿದ್ದು ಹಿಂದಿನಿಂದ ಅಲ್ಲ, ಪಕ್ಕದಿಂದ, ಒಂದೇ ಒಂದು ಗಳಿಗೆ. ಆವತ್ತು ಮೊದಲಿನಿಂದಲೂ ತಾನೇ ಮುಂದೆ, ಒಂದೇ ಸಮ, ಹದ ತಪ್ಪದ ಓಟ, ಶಿಡ್ಲಘಟ್ಟದ ಹೊಗೆ ಕಾಣುವವರೆಗೂ ಯಾರೂ ಹತ್ತಿರ ಬಂದಿರಲಿಲ್ಲ, ಆಮೇಲೆ ಹಿಂದಿನಿಂದ ಈ ಬೂಟಿನ ಸದ್ದು, ಪಕ್ಕಕ್ಕೆ ಬಂತು, ಏನಯ್ಯಾ, ಗಾಡಿ ಚೆನ್ನಾಗಿ ಹೊಡೀತೀಯ, ಆದ್ರೆ ಎತ್ತಿನ ಗಾಡಿ ಎತ್ತಿನ ಗಾಡೀನೇ ಕಣಯ್ಯಾ ಎಂದು ಹಲ್ಲು ಕಿರಿದು ಚೆನ್ನರಾಯಪ್ಪ ಮುಂದಕ್ಕೆ ಹೋದ, ಹೋದ ಅಂದರೆ ಹೋದ, ಇವನು ಜೋರಾಗಿ ಓಡಬೇಕೆಂದು ಕಾಲಿಗೆ ಹೇಳುತ್ತಾನೆ, ಕಾಲಿಗೆ ಆ ಭಾಷೆಯೇ ಬರುವುದಿಲ್ಲ, ಇಡೀ ದಿನ ಬೇಕಾದರೆ ಓಡುತ್ತೇನೆ, ಇದಕ್ಕಿಂತ ಜೋರು ಅಂದರೆ ಏನೆಂದು ನನಗೆ ಯಾರೂ ಕಲಿಸಿಲ್ಲ ಎನ್ನುತ್ತದೆ ಕಾಲು. ಅದೇ ಹೊತ್ತಿಗೆ ಪಕ್ಕದ ಹಳಿಯ ಮೇಲೆ ಆ ಪುಟಾಣಿ ರೈಲು, ಇಳಿದು ಮೂತ್ರ ಮಾಡಿ ಮತ್ತೆ ಹತ್ತಬಹುದು ಎಂದು ಜನ ತಮಾಷೆ ಮಾಡುವ ರೈಲು, ಅದರ ಕಿಟಕಿ ತುಂಬ ಮುಖಗಳು, ಮುಖ ತುಂಬ ನಗು, ಗಾಡಿ ಬಿಡಪ್ಪಾ ಗಾಡಿ, ಹೈ ಹೈ ಎಂದು ಯಾರೋ ಎತ್ತು ಹೊಡೆಯುವ ಸದ್ದು ಮಾಡಿದರು. ನಾಚಿಕೆ ಅಂದರೆ ಏನೆಂದು ಆವತ್ತು ಗೊತ್ತಾಯಿತು, ಎರಡನೆಯವನಾಗಿ ಬಂದದ್ದಕ್ಕೆ ಕೊಟ್ಟ ಹಿತ್ತಾಳೆ ಲೋಟವನ್ನು ಅವನು ಮನೆಗೆ ತಂದು ಅಟ್ಟಕ್ಕೆ ಎಸೆದ, ಅವ್ವ ಅದನ್ನು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿ ಕಾಫಿ ಕುಡಿಯಲು ಇಟ್ಟುಕೊಂಡಳು.

ಉಸಿರು ಸರಿಯಾಗಿದೆ, ಎಡಗಡೆ ಪಕ್ಕೆಯಲ್ಲಿ ಒಂದು ಚುಚ್ಚು ಬಂದು ಹೋಯಿತು, ಹೋಗಲಿ, ಬೂಟಿನ ಹಿಂದೆಯೇ ಇರು, ಈಗಲೇ ಬೇಡ. ಆ ಭಾಷೆಯನ್ನು ಕಾಲಿಗೆ ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಅವ್ವ ಹಟ ಹಿಡಿದು ಮಾಡಿಸುತ್ತಿದ್ದ ಸ್ನಾನ. ಮೊದಲೆಲ್ಲ ಅವನದು ಒಂದೇ ಬಗೆ, ಚಿಂತಾಮಣಿ ರಸ್ತೆ ಹಿಡಿದು ಬಿಸಿಲೇರುವವರೆಗೂ ಓಡುವುದು, ವಾಪಸು ಬರುವುದು, ಈಗ ಹುಳು ಹೆಚ್ಚಾಗಿ ತಟ್ಟೆ ಹೆಚ್ಚಾಗಿ ಅಂಥ ಓಟಕ್ಕೆ ಹುಳುವಿಗೆ ಜ್ವರ ಬರಬೇಕು — ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ನಿಲ್ಲಿಸಿ ನಿದ್ದೆ ಹೋಗುತ್ತದೆ, ಒಂದು ಬೆಳೆಗೆ ನಾಲ್ಕು ಸಲ, ಆ ನಾಲ್ಕು ಸಲವೇ ಅವನಿಗೆ ಉದ್ದದ ಓಟ, ಉಳಿದ ದಿನವೆಲ್ಲ ಹುಳು ತಿನ್ನುವುದು, ಇವನು ತಿನ್ನಿಸುವುದು, ಸೊಪ್ಪು ಹಾಕಿ ಕೈ ಕೊಡವಿದರೆ ಮುಂದಿನ ಸೊಪ್ಪಿಗೆ ತೋಟದಲ್ಲಿ ಕುಡುಗೋಲು ಕಾಯುತ್ತಿರುತ್ತದೆ. ನಡುವೆ ಸಿಗುವ ಚೂರುಪಾರು ಹೊತ್ತಿನಲ್ಲಿ ಓಡಿ ಬಂದರೆ ಅವ್ವ ಹುಳುಮನೆಯ ಬಾಗಿಲಿಗೆ ಕೈ ಅಡ್ಡ ಹಿಡಿದು, ಬೆವರು ವಾಸನೆ ಹುಳಕ್ಕೆ ಆಗಲ್ಲ, ಮೈ ತೊಳ್ಕೊಂಡು ಒಳಗೆ ಬಾ. ಬೀಡಿ ಸೇದಿದವರು ಬರುವಂತಿಲ್ಲ, ಮೀನು ತಿಂದವರು ಬರುವಂತಿಲ್ಲ, ನೆಂಟರು ಬರುವಂತಿಲ್ಲ, ಬೆವೆತ ಮಗನೂ ಬರುವಂತಿಲ್ಲ, ಅಂಥ ಕಟ್ಟುನಿಟ್ಟು. ತಣ್ಣೀರು ಹುಯ್ದುಕೊಂಡರೆ ಜ್ವರ ನಿನಗೆ ಬರುತ್ತೆ ಎಂದು ಆದಿ ಹಂಡೆಗೆ ನೀರು ತುಂಬಿ ಒಲೆ ಹಚ್ಚುತ್ತಿದ್ದಳು, ನೀರು ಕಾಯಲು ಒಂದಿಷ್ಟು ಹೊತ್ತು, ಸ್ನಾನಕ್ಕೆ ಒಂದಿಷ್ಟು ಹೊತ್ತು, ಓಟಕ್ಕೆ ಉಳಿದದ್ದು ಏನು, ಬೂದಿ. ಒಂದು ದಿನ ರೇಗಿತು, ಮೂಗಿನ ತುದಿಯಲ್ಲಿ ಕೋಪ ಅವನಿಗೆ, ಅದೂ ಅವ್ವನಿಂದಲೇ ಬಂದದ್ದು, ನೀರು ಕಾಯುವಷ್ಟು ಹೊತ್ತಿನಲ್ಲೇ ಓಡಿ ಮುಗಿಸುತ್ತೇನೆ ನೋಡು ಎಂದು ಬಾವಿಕಟ್ಟೆಯಿಂದ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಆ ಕೊನೆಯ ಹೊಂಗೆಮರದವರೆಗೆ ಬಿಟ್ಟ ಓಟ, ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ, ಹೊಂಗೆಮರ ಮುಟ್ಟಿ ನಡೆದು ವಾಪಸು ಬಂದು ಮತ್ತೆ ಬಿಟ್ಟ, ಮತ್ತೆ ನಡೆದ, ಮತ್ತೆ ಬಿಟ್ಟ, ನಾಲ್ಕನೆಯದೋ ಐದನೆಯದೋ ಮುಗಿಸಿ ಬಾವಿಕಟ್ಟೆ ಹಿಡಿದುಕೊಂಡು ಬೆಳಗಿನ ಮುದ್ದೆಯನ್ನೆಲ್ಲ ಕಕ್ಕಿದ. ಅಯ್ಯೋ ಏನಾಯ್ತು ನಿಂಗೆ, ಯಾವುದಾದ್ರೂ ಗಾಳಿಗೀಳಿ ಸೋಕ್ತಾ ಎಂದು ಓಡಿಬಂದ ಆದಿ ಬೆನ್ನು ನೀವಿದಳು, ಅವನು ಬಗ್ಗಿಕೊಂಡೇ ನಗುತ್ತಿದ್ದ, ತೊಡೆ ಕೊಳ್ಳಿ ಇಟ್ಟಂತೆ ಉರಿಯುತ್ತಿತ್ತು, ಕಾಲು ಮೊದಲ ಸಲ ಹೊಸ ಮಾತೊಂದನ್ನು ತೊದಲಿತ್ತು. ಅಂದಿನಿಂದ ಸೊಪ್ಪಿನ ದಿನಗಳಲ್ಲಿ ಬದುವಿನ ಮೇಲೆ ಬಿರುಸಿನ ಓಟ, ಜ್ವರದ ದಿನಗಳಲ್ಲಿ ರಸ್ತೆಯ ಮೇಲೆ ಉದ್ದದ ಓಟ.

ಕೂ — ಎಂದಿತು ಎಡಗಡೆ, ಬಂತು, ಪುಟಾಣಿ ರೈಲು ಈ ವರ್ಷವೂ ಬಂತು, ಹೊಗೆ ರಸ್ತೆಗೆ ಅಡ್ಡ ಬಿದ್ದು ಬಾಯಲ್ಲಿ ಕಲ್ಲಿದ್ದಿಲಿನ ರುಚಿ, ಅದೇ ಕಿಟಕಿಗಳು, ಮುಖಗಳು ಬೇರೆ ಇರಬಹುದು, ಕೂಗು ಅದೇ, ಗಾಡಿ ಗಾಡಿ, ನೋಡ್ರೋ ಗಾಡಿ ಈ ಸಲ ಹಿಂದೆ ಬಿದ್ದದೆ. ಹಿಂದೆ ಬಿದ್ದಿಲ್ಲ ಕಣ್ರಪ್ಪಾ, ಹಿಂದೆ ಇದ್ದೇನೆ, ಎರಡಕ್ಕೂ ವ್ಯತ್ಯಾಸ ಇದೆ, ತೋರಿಸಲೇ, ಈ ಹುಣಸೆಮರದಿಂದ ಆ ಹುಣಸೆಮರಕ್ಕೆ, ಇದೇ ಬಾವಿಕಟ್ಟೆ, ಅದೇ ಹೊಂಗೆಮರ — ಬಿಟ್ಟ. ರಸ್ತೆ ಕಾಲಿನ ಕೆಳಗೆ ಸರಕ್ಕನೆ ಹಿಂದೆ ಹೋಯಿತು, ಬಿಳಿ ಬೂಟು ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು, ಚೆನ್ನರಾಯಪ್ಪನ ಮೂಗಿನ ಸದ್ದು ಕಿವಿಯಲ್ಲಿ, ಏನಯ್ಯಾ, ಹುಳ ಕಚ್ಚಿತಾ ನಿಂಗೆ ಎಂದ, ಉಸಿರು ಎಳೆದುಕೊಳ್ಳುತ್ತಾ ಎಂದ, ಹಾಗಾದರೆ ಅವನಿಗೂ ಆಯಾಸವಾಗಿದೆ, ಆಯಾಸವಾಗಿದೆ! ಎರಡನೇ ಹುಣಸೆಮರಕ್ಕೆ ಇವನು ಕಾಲು ಸಡಿಲಿಸಿದ, ನಡೆಯಲಿಲ್ಲ, ಹಳೆಯ ಗಾಡಿಯ ಓಟಕ್ಕೆ ಇಳಿದ, ಅದೇನು ಅವನ ಕಾಲಿಗೆ ಉಪ್ಪು ಸಾರಿನಷ್ಟು ಸುಲಭ, ಪೊಲೀಸು ಹಲ್ಲು ಕಚ್ಚಿ ಮತ್ತೆ ಪಕ್ಕಕ್ಕೆ ಬಂದ, ಬಂದ ಕೂಡಲೇ ಇವನು ಮತ್ತೆ ಬಿಟ್ಟ. ಬದುವಿನ ಮೇಲೆ ಎಷ್ಟು ಸಲ ಬಿಟ್ಟಿದ್ದಾನೆ, ಮೊದಮೊದಲು ನಾಲ್ಕೈದು, ಆಮೇಲೆ ಅದರ ಎರಡರಷ್ಟು, ಈಚೆಗೆ ಎಣಿಸುವುದನ್ನೇ ಬಿಟ್ಟಿದ್ದ, ನೀರು ಕಾಯಿತು ಬಾ ಎಂದು ಆದಿ ಕೂಗುವವರೆಗೂ — ಅಲ್ಲ, ತಡಿ, ಅದೇ ಹಂಡೆ, ಅಷ್ಟೇ ನೀರು, ಅದೇ ಒಲೆ, ಮೊದಲು ನಾಲ್ಕೈದು ಓಟಕ್ಕೆ ಕಾಯುತ್ತಿದ್ದ ನೀರು ಆಮೇಲಾಮೇಲೆ ಅಷ್ಟೊಂದು ಹೊತ್ತು ಯಾಕೆ ತೆಗೆದುಕೊಳ್ಳುತ್ತಿತ್ತು? ಚಳಿ ಎಂದುಕೊಂಡಿದ್ದ. ಈ ಒಲೆಗೆ ಏನು ಬಂದದೆಯೋ, ಬರೀ ಹೊಗೆ, ನೀರೇ ಕಾಯಲ್ಲ ಎಂದು ಅವ್ವ ದಿನಾ ಗೊಣಗುತ್ತಿದ್ದಳು, ಬಾವಿಯ ಕಡೆ ಬಿಳಿ ಹೊಗೆ ಸುತ್ತಿಕೊಂಡು ಆದಿ ಕಣ್ಣು ಒರೆಸಿಕೊಳ್ಳುತ್ತಾ ಊದುಕೊಳವೆ ಹಿಡಿದು ಕೂತಿರುತ್ತಿದ್ದಳು, ಪಕ್ಕದಲ್ಲಿ ಒಣಗಿದ ಸೌದೆಯ ರಾಶಿ ಇದ್ದ ಹಾಗೇ ಇತ್ತು, ಒಲೆಯೊಳಗೆ ಇದ್ದದ್ದು ಸೊಪ್ಪು ತಿಂದುಳಿದ ಹಿಪ್ಪುನೇರಳೆ ಕಡ್ಡಿ, ಹಸಿ ಕಡ್ಡಿ. ಅಯ್ಯೋ ಇವಳ. ಬೇಕಂತಲೇ! ಅತ್ತೆಯ ಮುಂದೆ ಒಂದು ಮಾತೂ ಆಡದೆ, ಗಂಡನಿಗೂ ಹೇಳದೆ, ಹೊಗೆ ಕುಡಿದು ಕುಡಿದು ಹೊತ್ತನ್ನು ಎಳೆದು ಎಳೆದು ಅವನಿಗೆ ಕೊಟ್ಟಿದ್ದಾಳೆ, ಒಂದೊಂದು ಹಸಿ ಕಡ್ಡಿಗೆ ಒಂದೊಂದು ಓಟ. ಅವನ ಕಣ್ಣು ಮಂಜಾಯಿತು, ರೈಲಿನ ಹೊಗೆಗೆ ಎಂದುಕೊಳ್ಳಬಹುದಿತ್ತು, ಆದರೆ ರೈಲು ಆಗಲೇ ತಿರುವಿನಲ್ಲಿ ಮರೆಯಾಗಿತ್ತು. ಆದೀ ಎಂದು ಗಟ್ಟಿಯಾಗಿ ಅಂದುಬಿಟ್ಟ, ಯಾರಯ್ಯಾ ಅದು ಎಂದು ಹಿಂದಿನಿಂದ ಪೊಲೀಸು ಕೇಳಿದ.

ಈಗ ಬಂತು ಆ ವಾಸನೆ, ಕುದಿಯುವ ಬಾನಿಗಳಲ್ಲಿ ಬೇಯುವ ಗೂಡಿನ ವಾಸನೆ, ಬೇರೆ ಊರಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಶಿಡ್ಲಘಟ್ಟದವರಿಗೆ ಅದು ಅನ್ನದ ವಾಸನೆ, ಅಂದರೆ ಒಂದು ಮೈಲಿಯೂ ಉಳಿದಿಲ್ಲ, ಹೋದ ವರ್ಷ ಸೋತ ಜಾಗ ಇದೇ, ಇದೇ ಮೋರಿ, ಇದೇ ಗಿರಣಿಯ ಗೋಡೆ, ಟಪ್ ಟಪ್ ಮತ್ತೆ ಹತ್ತಿರ ಬರುತ್ತಿದೆ, ಬರಲಿ, ಬಿಡುವವನಲ್ಲ ಅವನೂ, ಗಂಡಸು, ಬಂದ, ಹೆಗಲಿಗೆ ಹೆಗಲು ಹತ್ತಿತು, ಬಿಚ್ಚಿದ ದಾರ ಇವನ ಬರಿಗಾಲಿನ ಮೀನಖಂಡಕ್ಕೆ ಚಾಟಿಯ ಹಾಗೆ ಬೀಳುತ್ತಿದೆ, ಪಕ್ಕೆಯ ಚುಚ್ಚು ಈ ಸಲ ಬಂದದ್ದು ಹೋಗಲಿಲ್ಲ, ಬಾಯೊಳಗೆ ನಾಲಿಗೆ ಒಣಗಿದ ಸೊಪ್ಪು, ಕಾಲು ಸಾಕು ಎನ್ನುತ್ತಿದೆ, ಸಾಕು ಎನ್ನುವ ಭಾಷೆ ಅದಕ್ಕೆ ಚೆನ್ನಾಗಿ ಬರುತ್ತದೆ. ಹಿಪ್ಪುನೇರಳೆ ತೋಟದಲ್ಲಿ ಕೊನೆಯ ಓಟಕ್ಕೂ ಹೀಗೇ ಅನ್ನಿಸುತ್ತಿತ್ತು, ಇನ್ನು ಆಗಲ್ಲ, ಇದೇ ಕೊನೆ, ಆಗ ಕಿವಿ ಒಲೆಯ ಕಡೆ ಹೋಗುತ್ತಿತ್ತು, ಆದಿ ಕೂಗಿದಳೇ, ಇಲ್ಲ, ಕೂಗಿಲ್ಲ, ನೀರು ಕಾದಿಲ್ಲ, ಹಾಗಾದರೆ ಇನ್ನೊಂದು ಇದೆ. ಇನ್ನೊಂದು ಇದೆ. ಗಿರಣಿಯ ಗೋಡೆಯಿಂದ ಬಸ್ ನಿಲ್ದಾಣದ ಮೈದಾನಕ್ಕೆ, ಜನ ಎರಡೂ ಕಡೆ ಗೋಡೆ ಕಟ್ಟಿ ನಿಂತಿದ್ದಾರೆ, ಮೈಕಿನಲ್ಲಿ ಯಾರೋ ಏನೋ ಕಿರುಚುತ್ತಿದ್ದಾರೆ, ಆ ತುದಿಯಲ್ಲಿ ಅಡ್ಡ ಕಟ್ಟಿದ ಹೊಳೆಯುವ ಒಂದು ಗೆರೆ, ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ಖಲೀಮುಲ್ಲಾನ ಕೈಗೆ, ಇವನ ಗೂಡು ಕೊಂಡು ನೂಲು ಬಿಚ್ಚುವ ಖಲೀಮುಲ್ಲಾ, ಕಮಿಟಿಯವರು ಕಾಗದದ ಪಟ್ಟಿ ತಂದಾಗ ರೇಷ್ಮೆ ಊರಲ್ಲಿ ಕಾಗದ ಕಟ್ತೀರಾ, ಶರಮ್ ಇಲ್ವಾ ನಿಮಗೆ ಎಂದು ಜಗಳ ತೆಗೆದು ತನ್ನದೇ ನೂಲನ್ನು ಹುರಿ ಮಾಡಿ ತಂದ ಪುಣ್ಯಾತ್ಮ. ಬಿಟ್ಟ, ಹೊಂಗೆಮರಕ್ಕೆ, ಬದುವಿನ ಮೇಲೆ, ಇದು ಎಷ್ಟನೆಯದೋ, ಆದಿ ಇನ್ನೂ ಕೂಗಿಲ್ಲ, ಬಿಳಿ ಬೂಟು ಹಿಂದೆ, ಟಪ್ ಟಪ್ ಹಿಂದೆ, ಇನ್ನೂ ಹಿಂದೆ, ಆಮೇಲೆ ಸದ್ದೇ ಇಲ್ಲ, ಎದೆಗೆ ಏನೋ ತಣ್ಣಗೆ ತಗುಲಿತು.

ಕಿತ್ತುಹೋಗಬೇಕಿತ್ತು, ಹೋಗಲಿಲ್ಲ. ಶಿಡ್ಲಘಟ್ಟದ ಹುರಿ ನೂಲು ಎದೆ ಬಡಿದರೆ ಕಿತ್ತುಹೋಗುತ್ತದೆಯೇ, ಯಾರಿಗೂ ಹೊಳೆದಿರಲಿಲ್ಲ, ಗೂಟ ಬುಡಸಮೇತ ಕಿತ್ತು ಬಂತು, ಇನ್ನೊಂದು ತುದಿ ಬಿಡದ ಖಲೀಮುಲ್ಲಾ ಟೋಪಿ ಒಂದು ಕಡೆ ತಾನೊಂದು ಕಡೆಯಾಗಿ ನಾಲ್ಕು ಮಾರು ಇವನ ಹಿಂದೆಯೇ ಓಡಿಬಂದ, ಅರೆ ನಿಲ್ಲಪ್ಪಾ, ಮುಗೀತು, ಗೆದ್ದೆ, ನಿಲ್ಲು, ನನ್ನ ಕೈ! ಮೈದಾನಕ್ಕೆ ಮೈದಾನವೇ ನಗುತ್ತಿದೆ, ಈ ನಗು ಹೋದ ವರ್ಷದ್ದಲ್ಲ, ಇದರೊಳಗೆ ಬಿದ್ದು ಹೊರಳಾಡಬಹುದು, ಚೆನ್ನರಾಯಪ್ಪ ಬಂದು ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತ, ಆಮೇಲೆ ಕೈ ಚಾಚಿದ, ಗಾಡಿಗೆ ಇಂಜಿನ್ ಹಾಕ್ಸಿದೀಯ ಕಣಯ್ಯಾ, ಎಲ್ಲಿ ಹಾಕ್ಸಿದ್ದು, ಎಂದ. ಒಲೇಲಿ ಎಂದ ಮುನಿಗಂಗಪ್ಪ, ಪೊಲೀಸಿಗೆ ಅರ್ಥವಾಗಲಿಲ್ಲ. ಮೈಕು ಅವನ ಹೆಸರು ಕೂಗುತ್ತಿತ್ತು, ವೇದಿಕೆಗೆ ಬರಬೇಕಂತೆ, ಬೆಳ್ಳಿ ಬಟ್ಟಲಂತೆ, ಹಾರವಂತೆ, ಇವನಿಗೆ ಕಂಡದ್ದು ಆ ತಲೆ, ಗಾಳಿಯಲ್ಲಿ ಆ ಕಡೆ ಈ ಕಡೆ, ಹುಳ ಹಣ್ಣಾಗಿದೆ ಖಲೀಮ್ ಭಾಯ್, ಮನೇಗ್ ಹೋಗ್ಬೇಕು ಎಂದ, ಖಲೀಮುಲ್ಲಾನ ಮುಖವೇ ಬದಲಾಯಿತು, ಹಣ್ಣಾಗಿದೆಯಾ, ಹುಚ್ಚನಾ ನೀನು, ಇಲ್ಲೇನು ಓಡ್ತಾ ಇದ್ದೆ, ನನ್ನ ಸೈಕಲ್ ಹತ್ತು, ನನ್ನ ಬಾನಿಗೆ ಬರೋ ಗೂಡು ಅದು. ಗೆದ್ದವನು ಸೈಕಲ್ಲಿನ ಹಿಂದೆ ಕೂತು ಕಾಲು ಜೋತು ಬಿಟ್ಟುಕೊಂಡು ಊರು ದಾಟಿದ, ಹಾರವೂ ಇಲ್ಲ, ಬಟ್ಟಲೂ ಇಲ್ಲ, ಬೆವರಿಗೆ ಅಂಟಿಕೊಂಡ ನೂಲು ಮಾತ್ರ ಎದೆಯ ಮೇಲೆ, ಅಳು ಬರುತ್ತಿದೆ, ನಗು ಬರುತ್ತಿದೆ, ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಖಲೀಮುಲ್ಲಾನೇ ಹೇಳುತ್ತಿದ್ದಾನೆ, ಗೆದ್ದ ಕಣ್ರೀ, ನನ್ನ ನೂಲು ಗೆದ್ದಿತು.

ಅಂಗಳದಲ್ಲಿ ಅವ್ವ ನಿಂತಿದ್ದಳು, ಸೆರಗು ಇನ್ನೂ ಸೊಂಟದಲ್ಲೇ, ಏನಾಯ್ತು ಎಂದು ಕೇಳಲಿಲ್ಲ, ಅವನ ಎದೆಯ ಮೇಲಿನ ನೂಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಉಜ್ಜಿ ನೋಡಿದಳು, ನಮ್ಮ ಗೂಡಿಂದೇ ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ, ಕಣ್ಣು ಮಾತ್ರ ತುಂಬಿತ್ತು. ನೀರು ಕಾದದೆ, ಮೈ ತೊಳ್ಕೊಂಡು ಒಳಗೆ ಬಾ, ಹುಳ ಕಾಯಲ್ಲ. ಎರಡು ಹೆಜ್ಜೆ ಹೋಗಿ ತಿರುಗಿದಳು, ನಾಳೆಯಿಂದ ಹಸಿ ಕಡ್ಡಿ ನಾನೇ ಹಾಕ್ತೀನಿ ಕಣೋ, ಪಾಪ, ಆ ಹೊಗೇಲಿ ಅವಳ ಕಣ್ಣು ಹಾಳಾಗ್ತದೆ. ಅವ್ವನಿಗೂ ಗೊತ್ತಿತ್ತೇ, ದಿನಾ ಗೊಣಗಿದ್ದೆಲ್ಲ ಸೊಸೆಗೆ ಮರೆಯೇ, ಆಟವೇ, ಯಾರ ಯಾರ ಹೊತ್ತಿನಲ್ಲಿ ಓಡಿದೆನಪ್ಪಾ ನಾನು — ಬಿಸಿನೀರು ತಲೆಯಿಂದ ಇಳಿಯಿತು, ಬರಿಗಾಲ ಓಟಕ್ಕೆ ಒಡೆದ ಹೆಬ್ಬೆರಳು ಚುರ್ ಎಂದಿತು, ಒದ್ದೆ ತಲೆಯಲ್ಲೇ ಹುಳುಮನೆಯ ಹೊಸ್ತಿಲು ದಾಟಿದ, ಕತ್ತಲು, ಸೊಪ್ಪಿನ ತಂಪು, ಗೋಡೆಗೆ ಒರಗಿಸಿದ ಚಂದ್ರಿಕೆಗಳು ಅರ್ಧಕ್ಕರ್ಧ ತುಂಬಿವೆ, ಆದಿ ತಟ್ಟೆಯ ಮೇಲೆ ಬಗ್ಗಿದ್ದಾಳೆ, ತಲೆ ಎತ್ತಿ ಅವನನ್ನು ನೋಡಿದಳು, ನೋಡಿದ ಕೂಡಲೇ ತಿಳಿದುಕೊಂಡಳು, ಕೆಂಪಗಿನ ಆ ಕಣ್ಣು, ಹೊಗೆ ಕುಡಿದ ಕಣ್ಣು, ಅವಳು ಅಂಗೈ ಚಾಚಿದಳು, ಅಂಗೈಯಲ್ಲಿ ಒಂದು ಹುಳು, ಜೇನಿನ ಬಣ್ಣ, ಬೆಳಕು ದಾಟುವಷ್ಟು ತಿಳಿ, ತಲೆ ಎತ್ತಿ ಗಾಳಿಯಲ್ಲಿ ಆ ಕಡೆ, ಈ ಕಡೆ, ಹುಡುಕುತ್ತಾ, ಹುಡುಕುತ್ತಾ, ಅವನು ಚಾಚಿದ ಬೆರಳಿಗೆ ತಗುಲಿತು, ನಿಂತಿತು, ಬಾಯಿಂದ ಮೊದಲ ಎಳೆ ಬಂದು ಅವನ ಬೆರಳನ್ನು ಹಿಡಿದುಕೊಂಡಿತು.